ತಂತಿಯ ಆಚೆ ತುದಿ

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ರಷ್ಯದವರು ನಮ್ಮ ಫಿನ್‌ಲೆಂಡಿನ ಮೇಲೆ ಏರಿಬಂದ ಚಳಿಗಾಲ. ಸೇನೆಯಲ್ಲಿ ಟೆಲಿಫೋನ್ ತಂತಿ ಕಟ್ಟುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಸರೋವರದಾಚೆಯ ಕಾವಲುಗುಂಡಿಯ ಲೈನು ಕಡಿದುಹೋಯಿತು. ಅಲ್ಲಿ ಶತ್ರುವನ್ನು ನೋಡಿ ಫಿರಂಗಿಗಳಿಗೆ ಫೋನಿನಲ್ಲಿ ಗುರಿ ಹೇಳುವ ಗೆಳೆಯ ಟೌನೊ ಒಬ್ಬನೇ ಇದ್ದ. ಸುರಿಯುವ ಹಿಮದಲ್ಲಿ ಗಂಟೆಗಟ್ಟಲೆ ತೆವಳಿ ತಂತಿ ತುಂಡಾದ ಜಾಗ ಹುಡುಕಿದೆ. ಗಂಟು ಹಾಕುವ ಮೊದಲು ಎರಡೂ ತುದಿಗೆ ನಮ್ಮ ಫೋನು ಸಿಕ್ಕಿಸಿ ಮಾತಾಡಿಸಲೇಬೇಕು. ಈಚೆ ತುದಿಯಲ್ಲಿ ಎಕ್ಸ್‌ಚೇಂಜಿನ ಕೆರ್ಟು ಸಿಕ್ಕಳು. ಆಚೆ ತುದಿಯಲ್ಲಿ ಟೌನೊ.

"ಎಲ್ಲಿ ಸತ್ತಿದ್ಯೋ ಇಷ್ಟೊತ್ತು? ಅವ್ರು ಬರ್ತಿದ್ದಾರೆ, ಫಿರಂಗಿ ಬೇಕು, ಬೇಗ ಕಟ್ಟೋ! ಬಾಯೊಳಗೆಲ್ಲ ಹಿಮ ಕಣೋ."

"ಕಟ್ತಿದ್ದೀನಿ, ಇರೋ ಮಾರಾಯ!"

ಅವನ ಮಾತಿನ ನಡುವೆ ಉಸಿರಿನ ಸದ್ದಿರಲಿಲ್ಲ. ಆ ಚಳಿಯಲ್ಲೂ ತಂತಿ ಬೆಚ್ಚಗಿತ್ತು.

ಗಂಟು ಹಾಕಿದೆ. ಸ್ವಲ್ಪ ಹೊತ್ತಿಗೆ ನಮ್ಮ ಫಿರಂಗಿಗಳು ಗುಡುಗಿದವು. ಅವನನ್ನು ನೋಡಿಯೇ ಹೋಗೋಣವೆಂದು ತಂತಿಯ ಜಾಡು ಹಿಡಿದು ಮುಂದೆ ತೆವಳಿದೆ. ಮೂವತ್ತೇ ಹೆಜ್ಜೆಗೆ ತಂತಿ ಮತ್ತೆ ತುಂಡಾಗಿತ್ತು. ನಾನು ಗಂಟು ಹಾಕಿದ ತಂತಿಯ ತುದಿ ಟೌನೊನ ಮುಷ್ಟಿಯಲ್ಲಿತ್ತು. ಅವನೂ ಲೈನು ಸರಿಮಾಡಲು ಹೊರಟಿದ್ದಿರಬೇಕು. ಹೆಣ ಸೆಟೆದುಕೊಂಡಿತ್ತು, ಮೇಲೆ ಗೇಣುದ್ದ ಹಿಮ, ಬಾಯಿ ತುಂಬ ಹಿಮ. ಹತ್ತಿರದಲ್ಲೆಲ್ಲೂ ಫೋನಿರಲಿಲ್ಲ.

ಮರಳಿದ ಮೇಲೆ ಕೆರ್ಟು ತನ್ನ ದಾಖಲೆ ಪುಸ್ತಕ ತೋರಿಸಿದಳು. ನಾನು ಗಂಟು ಹಾಕಿದ ಮೇಲೆ ಹನ್ನೊಂದು ನಿಮಿಷ ಫಿರಂಗಿಗಳಿಗೆ ಗುರಿ ಹೇಳಿಕೊಟ್ಟವನು ಟೌನೊ. ಒಂದು ಗುಂಡೂ ತಪ್ಪಿರಲಿಲ್ಲ.