ಸೋಂಪಿನ ತಟ್ಟೆಯ ಚಿಲ್ಲರೆ

ನಾನು ಒಳಗೆ ಕಾಲಿಟ್ಟಾಗ ಹುಲುಗಣ್ಣನ ಅಂಗಿ ಬಿಚ್ಚಿಸಿ ಆಗಿತ್ತು.

ಕೊಟ್ಟೂರು ಬಸ್ ನಿಲ್ದಾಣದ ಎದುರಿನ ಊಟದ ಹೋಟೆಲ್. ಮಧ್ಯಾಹ್ನ ಒಂದೂವರೆ. ಎಲ್ಲ ಟೇಬಲ್ ಭರ್ತಿ. ಐವತ್ತೈದು ದಾಟಿದ ಸಪ್ಲೈಯರ್ ಬರೀ ಬನಿಯನ್ನಿನಲ್ಲಿ ಗಲ್ಲಾದ ಮುಂದೆ ನಿಂತಿದ್ದ. ಜನ ರೊಟ್ಟಿ ಮುರಿಯುತ್ತ ನೋಡುತ್ತಿದ್ದರು. ಒಬ್ಬ ಪುಣ್ಯಾತ್ಮ ಎಡಗೈಯಲ್ಲಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ. ಥೂ, ಇದೂ ಒಂದು ಜನ್ಮವೇ ಅನ್ನಿಸಿತು.

ನಾನು ಚೌಡಕ್ಕ, ಇಲ್ಲಿನ ಠಾಣೆಯ ಹೆಡ್ ಕಾನ್ಸ್‌ಟೇಬಲ್. ಉಣ್ಣಲೆಂದು ಬಂದವಳು. ಬಾಗಿಲಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿದ್ದರಿಂದ ಮೊದಲೇ ತಲೆ ಕೆಟ್ಟಿತ್ತು. ನಾನು ಎಷ್ಟು ಹಾರ್ನ್ ಹೊಡೆದರೂ ಅದರೊಳಗಿದ್ದ ಕೆಂಪು ಟೀ ಶರ್ಟಿನವನು ಕದಲಿರಲಿಲ್ಲ.

"ಏನಿದು?" ಎಂದೆ.

"ಕಳ್ಳತನ ಮೇಡಂ," ಎಂದ ಮಾಲೀಕ ಸೋಮಶೇಖರ್. "ಈ ಸಾಹೇಬ್ರು ಐನೂರರ ನೋಟು ಕೊಟ್ಟಾರ. ಈ ಹುಲುಗಣ್ಣ ಅದನ್ನ ನುಂಗಿ, ನನ್ನ ಕೈಯಾಗ ಇನ್ನೂರು ಇಟ್ಟಾನ. ನಾನು ಇನ್ನೂರಕ್ಕ ಚಿಲ್ರಿ ಕೊಟ್ಟೀನಿ."

ಸಾಹೇಬರ ಹೆಸರು ಕಾಂತೇಶ್. ಹರಪನಹಳ್ಳಿಯ ಗುತ್ತಿಗೆದಾರನಂತೆ. ಗಂಜಿ ಹಾಕಿದ ಬಿಳಿ ಅಂಗಿ, ನಾಲ್ಕು ಬೆರಳಿಗೆ ಉಂಗುರ.

"ಊಟ ನೂರಾ ಹತ್ತು. ತೊಂಬತ್ತು ವಾಪಸ್ ತಂದ. ನಾನು ನೋಡದೆ ಅದರಲ್ಲಿ ನಲವತ್ತು ಟಿಪ್ಸ್ ಬೇರೆ ಬಿಟ್ಟಿದೀನಿ," ಎಂದ. "ನನ್ನ ನೋಟಿನ ಮೇಲೆ ಫೋನ್ ನಂಬರ್ ಬರೆದಿತ್ತು ಮೇಡಂ. ಗಲ್ಲಾ ಎಲ್ಲಾ ಹುಡುಕಿಸಿದೆ. ಅಲ್ಲಿಲ್ಲ ಅಂದ್ರೆ ಇವನತ್ರಾನೇ ಇರ್ಬೇಕು."

ಹುಲುಗಣ್ಣ ತಲೆ ಎತ್ತಲಿಲ್ಲ. "ಇನ್ನೂರ ಕೊಟ್ರಿ, ಅಕ್ಕಾರ. ಸೋಂಪಿನ ತಟ್ಟಿಯಾಗ ಇಟ್ರು. ಹಂಗ ತಂದು ಗಲ್ಲಾಕ್ಕ ಕೊಟ್ಟೀನಿ. ಇಪ್ಪತ್ತೆರಡು ವರ್ಷಾತು, ಗಿರಾಕಿ ಚಿಲ್ರಿ ಒಂದು ರೂಪಾಯಿ ಮುಟ್ಟಿಲ್ಲ."

ಅವನ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಮಡಚಿದ ಐನೂರರ ನೋಟೊಂದು ಸಿಕ್ಕಿತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ. ಹೆಂಡತಿಯ ಶುಗರ್ ಗುಳಿಗೆಗೆ ಇಟ್ಟ ದುಡ್ಡು ಎಂದ. ಸುಳ್ಳು ಹೇಳುತ್ತಿದ್ದಾನೇನೋ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಸಾಹೇಬ್ರಿಗೆ ಮುನ್ನೂರು ಕೊಟ್ಟಾತು," ಎಂದ ಸೋಮಶೇಖರ್. "ಟಿಪ್ಸ್ ಡಬ್ಬಿಯಿಂದ ತೆಗದೀನಿ. ಇವನ್ನ ಇವತ್ತ ಮನಿಗೆ ಕಳಿಸ್ತೀನಿ."

ಆ ಡಬ್ಬಿ ನಾಲ್ಕು ಸಪ್ಲೈಯರುಗಳ ವಾರದ ದುಡ್ಡು. ಮೂವರು ಮೂಲೆಯಲ್ಲಿ ನಿಂತು ಹುಲುಗಣ್ಣನನ್ನೇ ದುರುಗುಟ್ಟಿ ನೋಡುತ್ತಿದ್ದರು.

*

"ದೂರು ಬರ್ಕೊಡ್ರಿ," ಎಂದು ಕಾಂತೇಶನ ಮುಂದೆ ನೋಟ್‌ಬುಕ್ ಇಟ್ಟೆ. "ಆ ಫೋನ್ ನಂಬರೂ ಬರೀರಿ. ಕೆಳಗ ಸಹಿ."

ಸರಸರನೆ ಹತ್ತು ಅಂಕಿ ಬರೆದ. ಎಲ್ಲೂ ತಡವರಿಸಲಿಲ್ಲ.

"ಯಾರ್ದು ಈ ನಂಬರು?"

"ಯಾರ್ದೋ ಏನೋ. ಎಲ್ಲೋ ಬಂದ ನೋಟು."

"ಗುರುತಿಲ್ಲದವರ ನಂಬರು ಬಾಯಿಪಾಠ ಐತಿ?"

"ಜ್ಞಾಪಕಶಕ್ತಿ ಮೇಡಂ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲೂ ಇಂಥದೇ ಕಥೆ ಕೇಳಿದ್ದೆ. ಫೋನ್ ನಂಬರ್ ಬರೆದ ಐನೂರರ ನೋಟು, ಇನ್ನೂರಕ್ಕೆ ಚಿಲ್ಲರೆ. ಅಲ್ಲಿ ಆ ನೋಟು ಗಲ್ಲಾದಲ್ಲೇ ಸಿಕ್ಕಿತ್ತು. ಸಪ್ಲೈಯರ್ ಕೆಲಸ ಕಳೆದುಕೊಂಡಿದ್ದ. ಇಲ್ಲಿ ಮಾತ್ರ ನೋಟೇ ಇಲ್ಲ. ಹಾಗಾದರೆ ಹೋಯಿತೆಲ್ಲಿಗೆ?

ಗಲ್ಲಾದ ಮೇಲೆ ಕೊಟ್ಟೂರೇಶ್ವರನ ಪಟ. ಬೆಳಗಿನ ದಾಸವಾಳ ಬಾಡಿತ್ತು. ಸಂತೆಯಲ್ಲಿ ಬೆಣ್ಣೆ ಮಾರುತ್ತಿದ್ದ ನಮ್ಮವ್ವ ನೆನಪಾದಳು. ಬೆಳಗಿನ ಮೊದಲ ಗಿರಾಕಿಯ ದುಡ್ಡನ್ನು ಕಣ್ಣಿಗೊತ್ತಿ ಸೆರಗಿನ ತುದಿಗೆ ಕಟ್ಟಿದರೆ, ದೀಪ ಹಚ್ಚುವವರೆಗೆ ಗಂಟು ಬಿಚ್ಚುತ್ತಿರಲಿಲ್ಲ.

"ಸೋಮಶೇಖರಪ್ಪ, ಇವತ್ತಿನ ಬೋಣಿಗಿ ಎಲ್ಲಿ?"

ಅವನ ಮುಖ ಬಿಳಿಚಿತು. "ದೇವ್ರ ಮುಂದ ಐತ್ರಿ. ದೀಪ ಹಚ್ಚೋತನಕ ಮುಟ್ಟಂಗಿಲ್ಲ."

"ನಾ ಮುಟ್ತೀನಿ. ಪಾಪ ನನಗ ಬರ್ಲಿ."

*

ಹೂವಿನ ಕೆಳಗಿದ್ದ ಐನೂರರ ನೋಟಿಗೆ ಕುಂಕುಮ ಒಣಗಿ ಹತ್ತಿತ್ತು. ಅಂಚಿನಲ್ಲಿ ಹತ್ತು ಅಂಕಿ.

"ಅದೇ ನನ್ನ ನೋಟು," ಎಂದ ಕಾಂತೇಶ್, ಖುಷಿಯಿಂದ.

"ಹೌದಾ? ಇದು ಬೆಳಿಗ್ಗಿ ದೇವ್ರ ಮುಂದ ಹೋಗೇತಿ. ನೀವು ಉಂಡದ್ದು ಒಂದು ಗಂಟೆಕ್ಕ."

ಅವನ ಕಣ್ಣು ಬಾಗಿಲಾಚೆಯ ಕಾರಿನತ್ತ ಹೋಯಿತು.

ಪಾತ್ರೆ ತೊಳೆಯುವ ಕೊಟ್ರಬಸಮ್ಮ ಕೈ ಒರೆಸುತ್ತ ಮುಂದೆ ಬಂದಳು. "ಬೋಣಿಗಿ ಮಾಡಿದಂವ ಹೊರಗ ಕಾರಿನಾಗ ಅದಾನ್ರಿ, ಆ ಕೆಂಪಂಗಿ. ಎರಡು ಇಡ್ಲಿ ತಿಂದು ಐನೂರು ಕೊಟ್ಟ. ಹೊತ್ತು ಹುಟ್ಟೋದ್ರಾಗ ಚಿಲ್ರಿ ಎಲ್ಲಿಂದ ತರ್ಲಿ ಅಂತ ಯಜಮಾನ್ರು ಬೈದ್ರು."

ಹೊರಗೆ ಹೋಗಿ ಕಾರಿನ ಕೀಲಿ ಕಿತ್ತುಕೊಂಡೆ. ಠಾಣೆಗೆ ಫೋನ್ ಮಾಡಿದೆ. ಕೆಂಪಂಗಿಯವನು ಕಾಂತೇಶನ ಭಾಮೈದ. ಎರಡೇ ಮಾತಿಗೆ ಎಲ್ಲ ಕಕ್ಕಿದ. ನಂಬರ್ ಬರೆದ ನೋಟನ್ನು ಇವನು ಬೆಳಿಗ್ಗೆ ಗಲ್ಲಾಕ್ಕೆ ಸೇರಿಸಬೇಕು. ಮಧ್ಯಾಹ್ನದ ಗದ್ದಲದಲ್ಲಿ ಭಾವ ಇನ್ನೂರು ಕೊಟ್ಟು, ಐನೂರು ಕೊಟ್ಟೆ ಎಂದು ಕೂಗಬೇಕು. ನಂಬರ್ ಹೇಳಿ ಗಲ್ಲಾ ತೆಗೆಸಿದರೆ ನೋಟು ಅಲ್ಲೇ ಇರುತ್ತದೆ. ನಲವತ್ತು ಟಿಪ್ಸ್ ಬಿಟ್ಟ ದೊಡ್ಡ ಮನುಷ್ಯನ ಮೇಲೆ ಯಾರಿಗೆ ಅನುಮಾನ? ಇಂದು ನೋಟು ದೇವರ ಪಾಲಾಗಿತ್ತು. ಸಿಗದಿದ್ದಾಗ ಸಪ್ಲೈಯರನ ಬಟ್ಟೆ ಬಿಚ್ಚಿಸಿದ. ಕಾರಿನಲ್ಲಿ ಓಡಾಡುವವನ ದಂಧೆ ನೋಡಿ, ಮುನ್ನೂರು ರೂಪಾಯಿಗೆ.

ಒಳಗೆ ಬಂದು ಮಾಲೀಕನ ಮುಂದೆ ಆ ನೋಟು ಹಿಡಿದೆ.

"ಸೋಮಶೇಖರಪ್ಪ, ಕಣ್ಣಿಗೊತ್ತಿಕೊಂಡ ನೋಟಿನ ಮ್ಯಾಲೆ ಬರೆದದ್ದು ನಿನಗ ಕಾಣಲಿಲ್ಲ?"

ಅವನು ನೆಲ ನೋಡಿದ. "ಕಂಡಿತ್ರಿ."

"ಮತ್ತ ಸುಮ್ನ ನಿಂತಿ?"

"ಬೋಣಿಗಿ ತೆಗಿಬಾರ್ದಲ್ರಿ. ಗದ್ದಲ ಆದ್ರ ಗಿರಾಕಿ ಹೋಗ್ತಾರ. ರೊಕ್ಕ ಹೆಂಗೂ ಡಬ್ಬಿಯಾಗ ಇತ್ತು, ನನಗೇನು ಲುಕ್ಸಾನು ಇರಲಿಲ್ಲ."

ಅದನ್ನು ಅವನು ಹುಲುಗಣ್ಣನ ಎದುರೇ ಹೇಳಿದ.

*

ಹುಲುಗಣ್ಣ ಅಂಗಿ ತೊಟ್ಟ. ಎರಡು ಗುಂಡಿ ಕಿತ್ತುಹೋಗಿದ್ದವು. ಒಂದು ತಟ್ಟೆಗೆ ಸೋಂಪು ಹಾಕಿ, ಜೇಬಿನಿಂದ ನಲವತ್ತು ರೂಪಾಯಿ ತೆಗೆದು ಅದರಲ್ಲಿಟ್ಟು, ಕಾಂತೇಶನ ಮುಂದೆ ಇಟ್ಟ.

"ನಿಮ್ಮ ಚಿಲ್ರಿ, ಸಾಹೇಬ್ರ."

ಕಾಂತೇಶನಿಂದ ಕಸಿದುಕೊಂಡ ಮುನ್ನೂರನ್ನು ನಾನೇ ಡಬ್ಬಿಗೆ ಹಾಕಿದೆ. ಹುಲುಗಣ್ಣ ಆ ಡಬ್ಬಿಯನ್ನು ಎತ್ತಿ ಮೂಲೆಯಲ್ಲಿದ್ದ ಮೂವರ ಕೈಗೆ ಕೊಟ್ಟ. ತನ್ನ ಪಾಲು ಕೇಳಲಿಲ್ಲ. ಹೆಗಲ ಮೇಲಿನ ಟೇಬಲ್ ಒರೆಸುವ ಬಟ್ಟೆಯನ್ನು ಮಡಚಿ ಗಲ್ಲಾದ ಮೇಲಿಟ್ಟ.

"ನಾಳಿ ಬಾರೋ ಹುಲುಗಣ್ಣ," ಎಂದ ಸೋಮಶೇಖರ್, ಮೆಲ್ಲಗೆ.

"ನಾಳಿಂದ ಚಿಲ್ರಿ ನೀವ ಕೊಡ್ರಿ, ಯಜಮಾನ್ರ."

ಅವನು ಬಿಸಿಲಿಗೆ ಇಳಿದು ಹೋದ. ನನ್ನ ಮುಂದೆ ಯಾರೋ ಊಟ ತಂದಿಟ್ಟರು. ನಾನು ಮುಟ್ಟಲಿಲ್ಲ.