ಚಿಪ್ಪಿನ ಮೇಲಿನ ಹೆಂಗಸಿನ ಮುಖ

ದಾವಣಗೆರೆ ನಗರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, 1962ನೇ ಇಸವಿ ಏಪ್ರಿಲ್ 16, ಸೋಮವಾರದ ಘಟನೆಯನ್ನು ಬಿಟ್ಟು ಬರೆಯುವಂತಿಲ್ಲ. ಅಂದು ಸಂಜೆ ಮಂಡಿಪೇಟೆಯ ಹತ್ತಿ ವ್ಯಾಪಾರಿ ನಾಗರಾಜಪ್ಪನವರು ಪೊಲೀಸ್ ಠಾಣೆಗೆ ಬಂದು, ತಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ಹೆಂಗಸಿನ ಮುಖ ಕಳವಾಗಿದೆಯೆಂದು ದೂರು ಕೊಟ್ಟರು. ಮುಖ ಮಾತ್ರ. ಉಳಿದ ಹೆಂಗಸು ಇದ್ದಲ್ಲೇ ಇದ್ದಳು.

ಇನ್ಸ್‌ಪೆಕ್ಟರ್ ಹಾಲೇಶಪ್ಪನವರಿಗೆ ಬೆಳಗಿನಿಂದ ಹೊಟ್ಟೆ ಸರಿಯಿರಲಿಲ್ಲ. "ಶುರುವಿಂದ ಹೇಳ್ರಿ" ಎಂದದ್ದು ಅವರದೇ ತಪ್ಪು. ಸಾಹುಕಾರರ ಶುರು ಇಟಲಿಯಲ್ಲಿತ್ತು. ಹಿಂದಿನ ವರ್ಷ ನೂಲಿನ ಯಂತ್ರ ನೋಡಲು ಮಿಲಾನಿಗೆ ಹೋದವರು, ಅಲ್ಲಿಂದ ರೈಲು ಹತ್ತಿ ಫ್ಲಾರೆನ್ಸ್ ಎಂಬ ಹಳೇ ಊರಿನ ಜಗತ್ಪ್ರಸಿದ್ಧ ಚಿತ್ರಶಾಲೆಯನ್ನು ಕಂಡುಬಂದಿದ್ದರು.

"ನಮ್ಮ ಹತ್ತಿ ಮಾರ್ಕೆಟ್ಟು ಅದ್ರೊಳಗೆ ನಾಕು ಹಿಡಿಸ್ತಾವ್ರಿ. ಮಾಳಿಗಿ ತುಂಬ ಚಿತ್ರ, ನೋಡಿ ನೋಡಿ ನಂಗೆ ಕುತ್ತಿಗಿ ಹಿಡ್ಕಂತು. ಐನೂರು ವರ್ಷದ ಬಣ್ಣ, ನಿನ್ನೆ ಹಚ್ದಂಗೈತೆ. ಏಸು, ಅವ್ರವ್ವ. ಮತ್ತೆ ಏಸು, ಮತ್ತೆ ಅವ್ರವ್ವ. ಕಡೀಗೆ ಒಂದು ಕೋಣೆ, ಸಾಹೇಬ್ರೆ..."

"ಕಳವು ಎಲ್ಲಾತು ಹೇಳ್ರಿ. ಇಟಲಿ ನಮ್ಮ ಸರಹದ್ದಿಗೆ ಬರಲ್ಲ."

ಆ ಕಡೆಯ ಕೋಣೆಯಲ್ಲಿ ಸಮುದ್ರದ ಚಿಪ್ಪಿನ ಮೇಲೆ ಬರಿಮೈಯಲ್ಲಿ ನಿಂತ ಹೆಣ್ಣಿನ ಚಿತ್ರವಿತ್ತು. ಅದರದೇ ಆಳೆತ್ತರದ ಅಚ್ಚುಪಟವನ್ನು ಸಾಹುಕಾರರು ಕೊಂಡು ತಂದು, ಕಟ್ಟು ಹಾಕಿಸಿ, ಗುಡಿಯಲ್ಲಿ ದೇವರ ಮುಂದೆ ಎಳೆಯುವಂಥ ಕೆಂಪು ಪರದೆ ಇಳಿಬಿಟ್ಟಿದ್ದರು. ದಿನವೂ ಅಂಗಡಿ ಮುಚ್ಚಿದ ಮೇಲೆ ಪೇಟೆಯ ಗಂಡಸರು ಸೇರುವರು. ಸಾಹುಕಾರರು ಬೆತ್ತ ಹಿಡಿದು ಫ್ಲಾರೆನ್ಸಿನ ಬಾಗಿಲಿಂದ ಹಿಡಿದು ಒಂದೊಂದೇ ಕೋಣೆ ದಾಟಿಸಿ, ಕೊನೆಗೆ ಪರದೆ ಸರಿಸುವರು. ಕಾಫಿ ಮಾಡುವುದು ಹೆಂಗಸರ ಕೆಲಸ. ನೋಡುವುದು ಅವರ ಕೆಲಸವಲ್ಲ. ಠಾಣೆಯ ರೈಟರ್ ಬೊಮ್ಮಣ್ಣ ಕೂಡ ಅಲ್ಲಿಗೆ ಎರಡು ಸಲ ಹೋಗಿದ್ದ. ಬಂದೋಬಸ್ತಿಗೆ, ಎಂದು ಅವನ ವಾದ.

ಭಾರತ ದಂಡಸಂಹಿತೆ ಕಲಂ 380ರ ಅಡಿಯಲ್ಲಿ ಎಫ್‌ಐಆರ್ ಆಯಿತು. ಅದರ ಪ್ರತಿ ಆ ದಿನವೇ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಮಂಗಳವಾರ ಬೆಳಿಗ್ಗೆ ಸ್ಥಳ ಪಂಚನಾಮೆ. ಪಂಚರಾಗಿ ಪಕ್ಕದ ಅಂಗಡಿಯ ಕರಿಬಸವರಾಜ ಮತ್ತು ಪಟಕ್ಕೆ ಕಟ್ಟು ಹಾಕಿದ ಹುಸೇನ್ ಸಾಬ್ ಬಂದರು. ಹುಸೇನ್ ಸಾಬ್ ಎದುರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತ. ಕರಿಬಸವರಾಜ ಅಷ್ಟು ಸಂಕೋಚದವನಲ್ಲ.

"ಸಾರ್, ಬಟ್ಟೆ ಇಲ್ಲ ಅಂತ ಬರದೆ. ವಯಸ್ಸು ಎಷ್ಟು ಹಾಕ್ಲಿ?" ಬೊಮ್ಮಣ್ಣ ಕೇಳಿದ.

"ಐನೂರು ಹಾಕು."

ಬಾಗಿಲ ಬೀಗ ಮುರಿದಿರಲಿಲ್ಲ. ಮುಖವನ್ನು ಸಣ್ಣ ಕತ್ತರಿಯಿಂದ ನಿಧಾನವಾಗಿ, ಗದ್ದದ ಸುತ್ತ ಒಂದು ಚೂರೂ ಹರಿಯದಂತೆ ಕತ್ತರಿಸಿದ್ದರು. ಹೊರಗಿನವರ ಕೆಲಸವಲ್ಲ ಎಂದು ಹಾಲೇಶಪ್ಪನವರಿಗೆ ಅನ್ನಿಸಿತು. ಸಾಹುಕಾರರಿಗೆ ಮಾತ್ರ ಕರಿಬಸವರಾಜನ ಮೇಲೆ ಗುಮಾನಿ.

"ನಾನ್ಯಾಕ ಕತ್ತರಿಸ್ಲಿ, ನಾನು ದಿನಾ ಬರೋನು!" ಎಂದ ಕರಿಬಸವರಾಜ, ನಿಜವಾದ ನೋವಿನಿಂದ.

ಸಾಹುಕಾರರ ಹೆಂಡತಿ ಕಸ್ತೂರಮ್ಮ ಒಳಬಾಗಿಲಲ್ಲಿ ನಿಂತು ಉತ್ತರ ಕೊಟ್ಟರು.

"ಭಾನುವಾರ ರಾತ್ರಿ ಜನ ಎದ್ದು ಹೋದ ಮ್ಯಾಲೆ ಯಾರಾದ್ರೂ ಬಂದಿದ್ರಾ?"

"ಇಲ್ರಿ."

"ಮನೀಲಿ ಯಾರ್‍ಯಾರು?"

"ನಾವಿಬ್ರು, ಮಗಳು ಉಮಾಮಹೇಶ್ವರಿ."

"ಕಾಲೇಜಿಗೆ ಹೋಗ್ಯಾಳಾ?"

"ಪರೀಕ್ಷೆ ಬಂತು, ಹೋಗವಲ್ಲಳು."

"ಯಾಕ?"

ಕಸ್ತೂರಮ್ಮ ಗಂಡನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಸಂಜೆ ಪಟವನ್ನು ಜಪ್ತಿ ಮಾಡಲು ಹಾಲೇಶಪ್ಪ ಮತ್ತೆ ಹೋದಾಗ ಪಡಸಾಲೆ ತುಂಬ ಜನ. ಪರದೆ ಸರಿದಿತ್ತು. ಮುಖವಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಕಾಣುತ್ತಿತ್ತು. ಆದರೂ ಒಬ್ಬನೂ ಎದ್ದು ಹೋಗಿರಲಿಲ್ಲ.

"ಹೋದ್ರೆ ಹೋಗ್ಲಿ ಬಿಡ್ರಿ ಸಾಹುಕಾರ್ರೆ, ನೋಡೋದಕ್ಕೇನು ಕಮ್ಮಿ ಆಗಿಲ್ಲ" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ಕಾಫಿ ಲೋಟದೊಳಗೆ ನಕ್ಕರು. ಹಾಲೇಶಪ್ಪನವರ ಬಾಯಿ ಕಹಿಯಾಯಿತು. ಕಳ್ಳರು, ಕುಡುಕರು, ತಲೆಹಿಡುಕರು ಎಲ್ಲರನ್ನೂ ಕಂಡವರು ಅವರು. ಅವರಲ್ಲಿ ಯಾರೂ ಇದನ್ನು ಕಲೆ ಎಂದು ಕರೆದಿರಲಿಲ್ಲ.

ಬುಧವಾರ ಹರಿಹರದ ಠಾಣೆಯಿಂದ ಫೋನು ಬಂತು. ಹೊಳೆದಂಡೆಯ ಅರಳಿಮರದ ಕೆಳಗೆ ಹೊಸ ದೇವಿ ಬಂದಿದ್ದಾಳಂತೆ. ಬಿಳಿ ಮೈಬಣ್ಣ, ಕೆಂಚು ಕೂದಲು.

ಹಾಲೇಶಪ್ಪ, ಬೊಮ್ಮಣ್ಣ ಜೀಪಿನಲ್ಲಿ ಹೊರಟರು. ಒಡೆದ ಮೂರ್ತಿ, ಗಾಜು ಬಿರಿದ ದೇವರ ಪಟಗಳನ್ನು ಕಸಕ್ಕೆ ಹಾಕಬಾರದೆಂದು ಜನ ಹೊಳೆಗೆ ಬಿಡುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರದ ಬುಡಕ್ಕೆ ಒರಗಿಸಿ ಹೋಗುತ್ತಾರೆ. ಲಕ್ಷ್ಮಿ, ಗಣಪತಿಯರ ನಡುವೆ ಫ್ಲಾರೆನ್ಸಿನ ಮುಖ ಕೂತಿತ್ತು. ಅರಿಶಿನ, ಕುಂಕುಮ, ಮಲ್ಲಿಗೆ. ಮುಂದೆ ಐದಾರು ಕಾಯಿಹೋಳು. ಹೆಂಗಸರು ಸರದಿಯಲ್ಲಿ ನಿಂತು ಕೈ ಮುಗಿಯುತ್ತಿದ್ದರು. "ಬಿಳಿಯಮ್ಮ" ಎಂದು ಹೆಸರೂ ಇಟ್ಟಾಗಿತ್ತು. ದಾವಣಗೆರೆಯಲ್ಲಿ ಕಂಡ ಕಣ್ಣುಗಳಿಗಿಂತ ಇವು ವಾಸಿ ಎಂದುಕೊಂಡರು ಹಾಲೇಶಪ್ಪ.

ಹೂ ಮಾರುವ ಕಾಟಮ್ಮ ಪಕ್ಕದಲ್ಲೇ ಕೂತಿದ್ದಳು.

"ಇದನ್ನ ಯಾರಿಟ್ರು?"

"ಸೋಮಾರ ಬೆಳಿಗ್ಗೆ ಒಬ್ಬ ಅಮ್ಮಾರು. ವಾರವಾರ ಗುಡಿಗೆ ಬರ್ತಾರಲ್ರಿ, ಮಂಡಿಪೇಟೆ ಸಾಹುಕಾರ್ರ ಮನಿಯಾರು. ಸೆರಗಿನಾಗೆ ಮುಚ್ಕಂಡು ತಂದ್ರು."

"ಏನಂದ್ರು?"

"ದಿನಾ ಒಂದು ಮಳ ಹೂ ಇಡು, ಬಿಸ್ಲು ಬೀಳ್ದಂಗೆ ನೋಡ್ಕ ಅಂದ್ರು. ಅಳ್ತಿದ್ರು. ನೀವು ತಗೊಂಡು ಹೋಗ್ಬ್ಯಾಡ್ರಿ, ಜನ ಬಡೀತಾರೆ."

ಬೊಮ್ಮಣ್ಣ ಚಪ್ಪಲಿ ಬಿಟ್ಟು, ಕೈಮುಗಿದು, ಮುಖವನ್ನು ಜಪ್ತಿ ಮಾಡಿದ.

ಸಂಜೆ ಕಸ್ತೂರಮ್ಮನನ್ನು ದಸ್ತಗಿರಿ ಮಾಡಲಾಯಿತು. ಸಾಹುಕಾರರ ಎದುರಿನಲ್ಲೇ ಹೇಳಿಕೆ ಕೊಡುತ್ತೇನೆಂದು ಅವರೇ ಕೇಳಿಕೊಂಡರು.

"ಕತ್ತರಿಸಿದ್ದು ನೀವೇನಾ?"

"ಹೌದ್ರಿ."

"ಯಾಕ?"

"ಹದಿನೈದು ದಿನದ ಹಿಂದೆ ಕಾಫಿ ತಗೊಂಡು ಬಾಗ್ಲತಂಕ ಬಂದಿದ್ದೆ. ಇವ್ರು ಬೆತ್ತ ಇಟ್ಟು ತೋರ್‍ಸಿ, ಅಷ್ಟು ಜನದ ಮುಂದೆ, ನೋಡ್ರಿ ಮುಖ ನಮ್ಮ ಉಮಾನ ಹಂಗೇ ಐತೆ ಅಂದ್ರು. ಹೆಮ್ಮಿಂದ ಅಂದ್ರು. ಮಾರನೇ ದಿನದಿಂದ ಮಗಳು ಬೀದಿಗಿಳಿದ್ರೆ ಅಂಗಡಿ ಅಂಗಡೀಲಿ ಕೆಮ್ತಾರ್ರಿ. ಚಿಪ್ಪು ಬಂತು ಅಂತಾರೆ."

"ನಾನು ಕಲೆ ದೃಷ್ಟಿಯಿಂದ..." ಎಂದರು ನಾಗರಾಜಪ್ಪ.

"ಬಾಯಿ ಮುಚ್ರಿ" ಎಂದರು ಹಾಲೇಶಪ್ಪ. ಕಸ್ತೂರಮ್ಮನ ಕಡೆ ತಿರುಗಿ, "ಪಟಾನೇ ಸುಡಬೋದಿತ್ತಲ್ಲಮ್ಮ. ಮುಖ ಅಷ್ಟೇ ಯಾಕ?"

"ನನ್ನ ಮಗಳದ್ದು ಮುಖ ಒಂದೇ ಅಲ್ವೇನ್ರಿ. ಅದನ್ನ ಒಲಿಗೆ ಹಾಕಾಕೆ ಕೈ ಬರ್ಲಿಲ್ಲ. ಉಳಿದದ್ದು ಇವ್ರೇ ಇಟ್ಕಂಡು ನೋಡ್ಲಿ."

ಬೊಮ್ಮಣ್ಣ ಬರೆಯುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದ. ನಾಗರಾಜಪ್ಪನವರು ದೂರು ವಾಪಸ್ಸು ಕೊಡಿ ಎಂದರು. ಆಗುವುದಿಲ್ಲವೆಂದು ತಿಳಿದ ಮೇಲೆ ದನಿ ತಗ್ಗಿಸಿ ಕೇಳಿದರು:

"ಸಾಹೇಬ್ರೆ, ಹರಿಹರದಿಂದ ತಂದ ಆ ತುಂಡು... ಕೋರ್ಟು ಮುಗಿದ ಮ್ಯಾಲೆ ನಮಗೇ ಸಿಗ್ತೈತಲ್ಲ? ಹುಸೇನ್ ಸಾಬ್ ಅಂಟಿಸಿ ಕೊಡ್ತೀನಿ ಅಂದಾನೆ."

ಹಾಲೇಶಪ್ಪ ಎದ್ದು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗಿದರು.

ಕೋರ್ಟಿನಲ್ಲಿ ಕಸ್ತೂರಮ್ಮ ತಪ್ಪೊಪ್ಪಿಕೊಂಡರು. ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟು ಬಿಟ್ಟರು. ಕಸ್ತೂರಮ್ಮ ಮಗಳನ್ನು ಕರೆದುಕೊಂಡು ಭಾನುವಳ್ಳಿಯ ತವರಿಗೆ ಹೋದರು. ಉಮಾಮಹೇಶ್ವರಿ ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ.