ಮಲಾಡಿನ ವಾಲ್ವ್ ಗುಂಡಿ

ತಲೆಯ ಮೇಲೆ ಕಬ್ಬಿಣದ ಮುಚ್ಚಳ ಕಿರ್ರೆಂದು ಸರಿಯಿತು. ಬೆಳಕು ಅರ್ಧವಾಯಿತು.

"ವಾಲ್ವ್ ಮುಟ್ಟಿದ್ರೆ ಪೂರ್ತಿ ಮುಚ್ಚಿಬಿಡ್ತೀನಿ, ವಿನೋದಿನಿ ಮೇಡಂ," ಎಂದ ತಿರುಮಲೇಶ. "ಉಸಿರುಕಟ್ಟಿ ಒಳಗೇ ಸಾಯ್ತೀರಿ."

ಆಳೆತ್ತರದ ಗುಂಡಿ. ಗ್ಯಾಸಿನ ವಾಸನೆ. ಗ್ಯಾಸ್ ಕಂಪನಿಯ ವಿಜಿಲೆನ್ಸ್‌ನಲ್ಲಿ ವರ್ಷಗಟ್ಟಲೆ ಕಳ್ಳರ ಬೆನ್ನು ಹತ್ತಿದವಳು ನಾನು. ಆದರೂ ಹೇಳುತ್ತೇನೆ ಕೇಳಿ... ವಾಲ್ವಿನಿಂದ ಕೈ ದೂರವೇ ಇಟ್ಟೆ.

ಮುಂಬೈಗೆ ಬರುವ ದೊಡ್ಡ ಪೈಪ್‌ಲೈನ್ ಹಿಂದಿನ ದಿನ ಒಡೆದಿತ್ತು. ಉಳಿದ ಗ್ಯಾಸು ಮೊದಲು ಮನೆಗಳಿಗೆ, ಆಸ್ಪತ್ರೆಗಳಿಗೆ. ಕಾರ್ಖಾನೆಗಳಿಗೆ ಬಂದ್. ಮಲಾಡಿನಲ್ಲಿ ಗಾಜಿನ ಸೀಸೆ ಮಾಡುವ ತಿರುಮಲೇಶ ನಾವು ಹಾಕಿದ ಸೀಲ್ ಒಡೆದು ವಾಲ್ವ್ ತೆರೆದುಬಿಟ್ಟಿದ್ದ. ಅವನ ಭಟ್ಟಿ ಧಗಧಗ ಉರಿಯಿತು. ಗ್ಯಾಸೆಲ್ಲ ಅಲ್ಲಿಗೇ ಹರಿದು, ಕಾರ್ಖಾನೆಯ ಹಿಂಬದಿಯ ಬಿಲ್ಡಿಂಗಿನ ಒಲೆಗಳೆಲ್ಲ ಆರಿಹೋದವು.

"ಭಟ್ಟಿ ತಣ್ಣಗಾದ್ರೆ ಒಳಗಿನ ಗಾಜೆಲ್ಲ ಕಲ್ಲಾಗುತ್ತೆ. ಭಟ್ಟಿನೇ ಒಡೆದುಹಾಕ್ಬೇಕು. ಗೊತ್ತಾ ನಿಮಗೆ?"

"ಗೊತ್ತು. ನಾನಿನ್ನೂ ಮುಟ್ಟಲಿಲ್ಲ, ನೋಡಿ."

ಮುಟ್ಟದಿರಲು ಕಾರಣ ಬೇರೆ. ಒಲೆ ಆರಿದ ಮನೆಗಳಲ್ಲಿ ಎಷ್ಟು ಜನ ನಾಬ್ ತಿರುಗಿಸಿ ಆಫ್ ಮಾಡಿರುತ್ತಾರೆ? ಇಲ್ಲಿ ಮುಚ್ಚಿದ ಕೂಡಲೇ ಅಲ್ಲಿ ಪ್ರೆಶರ್ ಏರುತ್ತದೆ. ಉರಿಯಿಲ್ಲದ ಒಲೆಯಿಂದ ಗ್ಯಾಸು ಸದ್ದಿಲ್ಲದೆ ಅಡುಗೆಮನೆ ತುಂಬುತ್ತದೆ. ಆಮೇಲೆ ಯಾರೋ ಒಂದು ಕಡ್ಡಿ ಗೀರಿದರೆ ಸಾಕು...

ಮೊದಲು ಬಿಲ್ಡಿಂಗಿನ ಮೇನ್ ಕಾಕ್, ಅಂದರೆ ಅಲ್ಲಿನ ಎಲ್ಲ ಮನೆಗಳ ಗ್ಯಾಸ್ ಒಟ್ಟಿಗೆ ನಿಲ್ಲಿಸುವ ತಿರುಪು, ಮುಚ್ಚಬೇಕು. ಅದಕ್ಕೆ ನಮ್ಮ ಫಿಟ್ಟರ್ ಕಾಂತಪ್ಪನನ್ನು ಓಡಿಸಿದ್ದೆ. ಅವನ ಸುಳಿವಿಲ್ಲ.

ಅಷ್ಟರಲ್ಲಿ ಪೊಲೀಸ್ ಜೀಪಿನ ಸೈರನ್. ಗುಂಡಿಗೆ ಇಳಿಯುವ ಮೊದಲು ನಾನೇ ಕರೆದಿದ್ದೆ. ಬಂದದ್ದು ಮಾತ್ರ ತಪ್ಪು ಗಳಿಗೆಯಲ್ಲಿ.

ತಿರುಮಲೇಶ ಮುಚ್ಚಳವನ್ನು ಬದಿಗೆ ತಳ್ಳಿದ. ದಡಕ್ಕನೆ ಗುಂಡಿಗೆ ಹಾರಿದ. ನನ್ನನ್ನು ಗೋಡೆಗೆ ತಳ್ಳಿ ವಾಲ್ವಿನ ಚಕ್ರ ಹಿಡಿದ.

"ಮುಚ್ಚಿಬಿಡ್ತೀನಿ. ನಾನೇನೂ ಮಾಡೇ ಇಲ್ಲ ಅಂತೀನಿ."

"ಬೇಡ... ಮುಚ್ಚಬೇಡಿ."

"ಮುಚ್ಚೋಕೇ ಅಲ್ವಾ ನೀವು ಬಂದಿದ್ದು?"

"ಈಗ ಮುಚ್ಚಿದ್ರೆ ಆ ಬಿಲ್ಡಿಂಗಿಗೆ ಬಿಲ್ಡಿಂಗೇ ಹಾರಿಹೋಗ್ತದೆ ಮಾರಾಯ್ರೇ. ಸ್ವಲ್ಪ ನಿಲ್ಲಿ."

ಅವನ ಕಿವಿಗೆ ಸೈರನ್ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಚಕ್ರ ತಿರುಗತೊಡಗಿತು.

ನನಗೆ ತೋಚಿದ್ದು ಒಂದೇ. ಬಲಗೈಯನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿದೆ. ಅವನು ಎಳೆದ. ಮಣಿಕಟ್ಟು ಪೈಪಿಗೆ ಒತ್ತಿತು.

ಲಟಕ್.

ನನ್ನ ಚೀರಾಟ ನನಗೇ ಬೇರೆ ಯಾರದೋ ಎನ್ನಿಸಿತು. ಚಕ್ರ ನಿಂತಿತು.

"ಕೈ ತೆಗೀರಿ ಮೇಡಂ." ಅವನು ಚಕ್ರ ಬಿಟ್ಟಿರಲಿಲ್ಲ.

"ತೆಗೆಯುದಿಲ್ಲ."

ಮೇಲೆ ಚಪ್ಪಲಿಯ ಸದ್ದು. ಕಾಂತಪ್ಪ ಏದುಸಿರು ಬಿಡುತ್ತ ಬಗ್ಗಿದ. "ಮೇಡಂ, ಬಿಲ್ಡಿಂಗಿನ ಕಾಕ್ ಬಂದ್ ಮಾಡಿ ಆಯ್ತು. ವಾಚ್‌ಮನ್ ಚಾವಿ ಕೊಡ್ಲಿಕ್ಕೆ ತಡ ಮಾಡಿದ, ಎಂತ ಮಾಡುದು."

ಕೈ ಹೊರಗೆಳೆದೆ. ಕಣ್ಣು ಕತ್ತಲಿಟ್ಟಿತು.

"ಈಗ ಮುಚ್ಚಿ," ಎಂದೆ ತಿರುಮಲೇಶನಿಗೆ.

ಮುಚ್ಚಿದ. ಅಳುತ್ತಲೇ ಮುಚ್ಚಿದ. ಮೇಲೆ ಹತ್ತಿದಾಗ ಪೊಲೀಸರು ಅವನ ತೋಳು ಹಿಡಿದರು.

ಕಾಂತಪ್ಪ ಬಿಲ್ಡಿಂಗಿನಲ್ಲಿ ಮನೆಮನೆ ಹತ್ತಿ ಇಳಿದ. ಪ್ರತಿ ಮಹಡಿಯಲ್ಲೂ ಒಂದಿಲ್ಲೊಂದು ನಾಬ್ ತೆರೆದೇ ಇತ್ತಂತೆ.

ಗೇಟಿನ ಬಳಿ ಕುಸಿದು ಕುಳಿತಿದ್ದೆ. ಮೊದಲ ಮಹಡಿಯ ಮುದುಕಿ ಇಂದ್ರಾಬಾಯಿ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು.

"ಗ್ಯಾಸ್ ಬಂದ್ ಮಾಡಿಸಿದವರು ಯಾರ್ರಿ? ನನ್ನ ಬ್ಯಾಳಿ ಅರ್ಧಾ ಬೆಂದು ಕುಂತೈತಿ. ಕಂಪ್ಲೇಂಟ್ ಕೊಡಬೇಕು, ಹೆಸರು ಬರದು ಕೊಡ್ರಿ."

ನನ್ನ ಹೆಸರನ್ನೇ ಬರೆದುಕೊಟ್ಟೆ. ಎಡಗೈಯಲ್ಲಿ.